ಸ್ಕ್ರೂ ಮೇಲಿನ ಹಸಿರು ಚುಕ್ಕೆ

ನಮ್ಮ ಅತ್ತಿಗೆ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಾರೆ. ಹೊಲಿಯಲು ಮಾತ್ರ ಬರುವುದಿಲ್ಲ. ಯಾರಾದರೂ ಅದನ್ನು ಆಡಿಕೊಂಡರೆ, "ಹಲ್ಲು ಕೀಳೋನಿಗೆ ಹಲ್ಲುನೋವು ಬಂದಿರಲೇಬೇಕಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಾರೆ. ನಮ್ಮ ಮನೆಯಲ್ಲಿ ಅಂಗಿಗೆ ಗುಂಡಿ ಹಚ್ಚುವುದು ಅಣ್ಣ. ಆ ಹೊತ್ತಿನಲ್ಲಿ ಅತ್ತಿಗೆ ಅವನ ಪಕ್ಕ ಕೂತು ಯಾರದೋ ಮೆಷಿನಿನ ಕೆಳದಾರದ ಗೂಡಾದ ಬಾಬಿನ್ ಕೇಸಿನೊಳಗೆ ಸಿಕ್ಕಿಕೊಂಡ ದಾರದ ಜುಂಗನ್ನು ಸೂಜಿಮೊನೆಯಿಂದ ಎಳೆಯುತ್ತಿರುತ್ತಾರೆ.

ನಾನು ಅವರ ನಾದಿನಿ. ನಾದಿನಿ ಅಂದಮೇಲೆ ಅತ್ತಿಗೆಯ ತಪ್ಪು ಹುಡುಕುವುದು ನನ್ನ ಹಕ್ಕು, ಆ ಹಕ್ಕನ್ನು ಇಷ್ಟು ವರ್ಷ ಧಾರಾಳವಾಗಿ ಬಳಸಿಕೊಂಡಿದ್ದೇನೆ. ಸಕ್ಕರೆ ಡಬ್ಬದ ಪಕ್ಕದಲ್ಲಿ, ಅಂಥದ್ದೇ ಡಬ್ಬದಲ್ಲಿ ಸ್ಕ್ರೂ ಇಡುತ್ತಾರೆ. ಮೈ ಒರೆಸುವ ಟವೆಲ್ಲಿಗೆ ಮೆಷಿನ್ ಎಣ್ಣೆ ಒರೆಸುತ್ತಾರೆ. ಫೋನಿನಲ್ಲಿ ಪಾಠ ಹೇಳಿದರೆ ಪಕ್ಕದ ಮನೆಯವರೂ ಕಲಿತುಬಿಡಬೇಕು, ಅಷ್ಟು ಗಟ್ಟಿ ದನಿ. ಇದನ್ನೆಲ್ಲ ಮೊದಲೇ ಹೇಳಿ ಮುಗಿಸುತ್ತಿದ್ದೇನೆ, ಯಾಕೆಂದರೆ ಇನ್ನು ಮುಂದಿರುವುದು ಬಹುಪಾಲು ಹೊಗಳಿಕೆ. ನನ್ನ ಬಾಯಲ್ಲಿ ಹೊಗಳಿಕೆ ಬರುವುದು ಅಪರೂಪ, ಬಂದಾಗ ನಂಬಬಹುದು.

ಮದುವೆಗೆ ಮುಂಚೆ ಅತ್ತಿಗೆ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿದ್ದರು. ಸಾಲು ಸಾಲು ಮೆಷಿನ್‌ಗಳ ನಡುವೆ ಓಡಾಡಿಕೊಂಡು, ಕೆಟ್ಟು ನಿಂತದ್ದನ್ನು ನಿಂತ ಕಾಲಿನಲ್ಲೇ ಸರಿ ಮಾಡುವ ಕೆಲಸ. ಅಲ್ಲಿ ಆ ಕೆಲಸಕ್ಕೆ ಸೇರಿದ ಮೊದಲ ಹೆಂಗಸು ಅವರೇ. ಜೊತೆಯ ಗಂಡಸರು ಸ್ಕ್ರೂಡ್ರೈವರ್ ಕೊಡದೆ ಸತಾಯಿಸಿದರೆ ಇವರು ಜಗಳಕ್ಕೂ ಹೋಗಲಿಲ್ಲ, ಅಳಲೂ ಇಲ್ಲ, ಸಂಬಳ ಬಂದಾಗೆಲ್ಲ ಒಂದೊಂದು ಸಾಮಾನು ಸ್ವಂತಕ್ಕೆ ಕೊಂಡರು. ಹಾಗಾಗಿ ನಮ್ಮ ಮನೆಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಕಬ್ಬಿಣವೇ ಹೆಚ್ಚಿತ್ತು. ನಮ್ಮಮ್ಮ ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, "ಏನಮ್ಮಾ, ತವರುಮನೆ ಗೋಡೆ ಕಿತ್ಕೊಂಡು ಬಂದ್ಯಾ?" ಎಂದು ಕೇಳಿದ್ದು ನನಗಿನ್ನೂ ನೆನಪಿದೆ.

ಬೀದಿಗೆ ಕಿಟಕಿಯಿರುವ ಮುಂದಿನ ಕೋಣೆ ಅವರ ರಿಪೇರಿ ಕೋಣೆಯಾಯಿತು. ಅಗಲವಾದ ಮರದ ಮೇಜು, ಅದರ ಮೇಲೆ ಹೊಟ್ಟೆ ಬಗೆದು ಮಲಗಿಸಿದ ಮೆಷಿನ್‌ಗಳು, ಒಂದು ಮೊಳದುದ್ದದ ಟ್ಯೂಬ್‌ಲೈಟ್. ಜೊತೆಗೆ ಕೆಂಪು ಉಗುರುಬಣ್ಣದ ಒಂದು ಪುಟ್ಟ ಸೀಸೆ. ಅತ್ತಿಗೆ ಉಗುರಿಗೆ ಬಣ್ಣ ಹಚ್ಚಿದ್ದನ್ನು ನಾನು ಕಂಡಿಲ್ಲ, ಆ ಸೀಸೆ ಸ್ಕ್ರೂಗಳಿಗೆ. ಸ್ಕ್ರೂವನ್ನು ಎಷ್ಟು ತಿರುಗಿಸಬೇಕೋ ಅಷ್ಟು ತಿರುಗಿಸಿದ ಮೇಲೆ, ಅರ್ಧ ಸ್ಕ್ರೂ ಮೇಲೂ ಅರ್ಧ ಪಕ್ಕದ ಲೋಹದ ಮೇಲೂ ಬೀಳುವಂತೆ ಒಂದು ಚುಕ್ಕೆ ಇಡುತ್ತಾರೆ. ಆಮೇಲೆ ಯಾರಾದರೂ ಕೈಯಾಡಿಸಿದರೆ ಚುಕ್ಕೆ ಒಡೆದು ಎರಡಾಗಿ, ಕೈಯಾಡಿಸಿದ್ದು ಬಯಲಾಗುತ್ತದೆ. ಕಾರ್ಖಾನೆಯಲ್ಲಿ ಕಲಿತ ಉಪಾಯ. ಈ ಕಥೆ ಮುಗಿಯುವತನಕ ಆ ಚುಕ್ಕೆಯನ್ನು ನೆನಪಿಟ್ಟುಕೊಳ್ಳಿ.

ಫೋನಿನಲ್ಲಿ ರಿಪೇರಿ ಹೇಳಿಕೊಡುವುದು ಶುರುವಾದದ್ದು ಗಿರಾಕಿಗಳಿಂದಲೇ. ಬೇರೆ ಊರಿಗೆ ಹೋದವರು, ಸುತ್ತಮುತ್ತ ರಿಪೇರಿಯವರು ಯಾರೂ ಇಲ್ಲದವರು ವಿಡಿಯೋ ಕರೆ ಮಾಡಿ, "ಕೆಳಗಡೆ ದಾರ ಗಂಟು ಗಂಟಾಗ್ತಿದೆ, ನೋಡಿ" ಎಂದು ಮೆಷಿನ್ ತೋರಿಸುತ್ತಿದ್ದರು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ಬೆಳಗಿನ ಹೊತ್ತು ಅತ್ತಿಗೆಯ ಕೋಣೆ ಆಸ್ಪತ್ರೆಯ ಹೊರರೋಗಿ ವಿಭಾಗದಂತಾಯಿತು. ಕೆಲವರ ಚಿತ್ರ ಕನ್ನಡಿಯಂತೆ ಬರುತ್ತಿತ್ತು. ಕೆಲವರದು ಚೌಕ ಚೌಕವಾಗಿ ಒಡೆದು, ಸೂಜಿಯೂ ಬೆರಳೂ ಒಂದೇ ಆಗಿ ಕಾಣುತ್ತಿತ್ತು.

ಒಂದು ದಿನ ನಾನು ಕಚೇರಿಗೆ ಹೊರಟಾಗ ನೋಡಿದರೆ, ಅತ್ತಿಗೆ ಕಂಪ್ಯೂಟರ್ ಪರದೆಯ ಮೇಲೆ ಅಣ್ಣನ ಕರವಸ್ತ್ರ ನೇತುಹಾಕಿಕೊಂಡು ಪಾಠ ಹೇಳುತ್ತಿದ್ದರು. ಕ್ಯಾಮೆರಾ ಮಾತ್ರ ತೆರೆದಿತ್ತು. ಆ ಕಡೆಯವರಿಗೆ ಇವರು ಕಾಣುತ್ತಾರೆ, ಇವರಿಗೆ ಆ ಕಡೆಯವರು ಕಾಣುವುದಿಲ್ಲ.

"ಇದ್ಯಾವ ಹೊಸ ಅವತಾರ?" ಅಂದೆ.

"ಚಿತ್ರ ಚೆನ್ನಾಗಿ ಬರೋರ ಮೇಲೆ ನಂಗೆ ಗೊತ್ತಿಲ್ದೇನೇ ಪ್ರೀತಿ ಜಾಸ್ತಿ ಆಗ್ತಿದೆ ಕಣೇ" ಎಂದರು. "ಅವರಿಗೆ ಬೇಗ ಹೇಳ್ಕೊಡ್ತೀನಿ. ಚಿತ್ರ ಒಡ್ಯೋರ ಮೇಲೆ ರೇಗ್ತೀನಿ. ನೆಟ್ಟು ಸರಿ ಇಲ್ದಿರೋದು ಅವರ ತಪ್ಪಾ? ಯಾರೂ ಕಾಣ್ದೇ ಇದ್ರೆ ಎಲ್ಲರೂ ಒಂದೇ."

ಅಂದಿನಿಂದ ಅವರು ಬರೀ ಕಿವಿ ಮತ್ತು ಪ್ರಶ್ನೆಗಳಿಂದ ಮೆಷಿನ್ ನೋಡಲು ಕಲಿತರು. "ಬಾಬಿನ್ ಕೇಸ್ ಹೊರಗೆ ತೆಗಿ. ದಾರದ ತುದಿ ಹಿಡಿದು ನೇತಾಡಿಸು. ತಾನಾಗೇ ಸರ್ ಅಂತ ಇಳೀತಾ? ಹಾಗಾದ್ರೆ ಸಡಿಲ. ಕೈ ಸ್ವಲ್ಪ ಝಾಡಿಸು. ಚೂರು ಇಳಿದು ನಿಂತ್ಕೊಂಡ್ರೆ ಸರಿ." ಕೇಳುವವರು ನೇತಾಡಿಸುವರು, ಝಾಡಿಸುವರು, ಹೇಳುವರು. ಅತ್ತಿಗೆ ಮೆಷಿನಿನ ಚಕ್ರವನ್ನು ಕೈಯಿಂದ ತಿರುಗಿಸಲು ಹೇಳಿ ಕಣ್ಣು ಮುಚ್ಚಿ ಸದ್ದು ಕೇಳುವರು. ಕೊನೆಗೆ ಚುಕ್ಕೆ ಇಡಲು ಹೇಳುವರು. ಎಷ್ಟೋ ಮನೆಗಳ ಹೆಂಗಸರು ಉಗುರಿಗೆ ಹಚ್ಚುವ ಮುಂಚೆ ಸ್ಕ್ರೂಗೆ ಹಚ್ಚಿದರು. ಕಲಿಯುವವರ ನಡುವೆ ಅತ್ತಿಗೆಗೆ ಕರವಸ್ತ್ರದ ಟೀಚರ್ ಎಂದೇ ಹೆಸರಾಯಿತು. ಅಣ್ಣ ಮಾತ್ರ ಮೂಗು ಒರೆಸಲು ತೋಳು ಬಳಸಬೇಕಾಯಿತು.

ಇನ್ನು ಮೊಂಡಿಯ ವಿಷಯ. ಮೊಂಡಿ ಅತ್ತಿಗೆಯ ಶಿಷ್ಯೆ, ಗಡಿಯಾಚೆಯ ದೇಶದವಳು. ಗಡಿ ದಾಟಿದರೆ ಸರ್ಕಾರ ಬೇರೆ, ನೋಟು ಬೇರೆ, ಮಾತು ಮಾತ್ರ ನಮ್ಮದೇ. ಕೆಲಸ ಕಲಿಯಲೆಂದು ಬಂದು ನಮ್ಮ ಹಿಂದಿನ ಕೋಣೆಯಲ್ಲಿ ಉಳಿದಿದ್ದಳು. ತಪ್ಪು ಅಂದರೆ ವಾದಕ್ಕೆ ನಿಲ್ಲುವಳು, ಬೈದರೆ ಊಟ ಬಿಡುವಳು. ಅತ್ತಿಗೆ ತಟ್ಟೆಯನ್ನು ಅವಳ ಮುಂದೆ ತಳ್ಳಿ, "ಸಿಟ್ಟು ನನ್ನ ಮೇಲೆ ಇರ್ಲಿ, ಹೊಟ್ಟೆ ಮೇಲೆ ಬೇಡ" ಎನ್ನುವರು. ಆ ಹೆಸರು ಇಟ್ಟವರೂ ಅವರೇ. ಮೊಂಡಿ ಊರಿಗೆ ಹೊರಟು ನಿಂತ ದಿನ ಅತ್ತಿಗೆ ಕೆಂಪು ಬಣ್ಣದ ಹೊಸ ಸೀಸೆಯೊಂದನ್ನು ಅವಳ ಕೈಗಿಡಲು ಹೋದರೆ, ಅವಳು ಕೈ ಹಿಂದೆ ಕಟ್ಟಿಕೊಂಡಳು.

"ಬೇಡ ಟೀಚರ್. ನಾನು ಹಸಿರು ತಗೋತೀನಿ. ನಾನು ಎಡವಟ್ಟು ಮಾಡಿದ್ರೆ ಅದು ನನ್ನ ತಲೆ ಮೇಲೇ ಬರ್ಲಿ."

ಅತ್ತಿಗೆಗೆ ಅವತ್ತು ಸ್ವಲ್ಪ ನೋವಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಅವಳು ತನ್ನ ಊರಿಗೆ ಹೋಗಿ ಬಾಡಿಗೆ ಕೋಣೆಯಲ್ಲಿ ಕೆಲಸ ಶುರು ಮಾಡಿ, ದೂರದವರಿಗೆ ಅತ್ತಿಗೆಯ ಹಾಗೆಯೇ ವಿಡಿಯೋದಲ್ಲಿ ಹೇಳಿಕೊಡತೊಡಗಿದಳು. ಆ ದೇಶದ ಹಳ್ಳಿ ಹಳ್ಳಿಯ ಮೆಷಿನ್‌ಗಳ ಮೇಲೆ ಹಸಿರು ಚುಕ್ಕೆ ಬಿತ್ತು. ವಾರಕ್ಕೊಮ್ಮೆ ಅತ್ತಿಗೆಗೆ ಕರೆ ಮಾಡಿ, ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಒಪ್ಪದೆ ಜಗಳಾಡಿ ಫೋನಿಡುತ್ತಿದ್ದಳು. ಅದು ಅವರಿಬ್ಬರ ಪ್ರೀತಿಯ ರೀತಿ.

ಇಷ್ಟರಲ್ಲಿ ಗಡಿಯಾಚೆಯ ದೊಡ್ಡ ಫೋನ್ ಕಂಪನಿಯೊಂದರ ಕಣ್ಣು ಅತ್ತಿಗೆಯ ಮೇಲೆ ಬಿತ್ತು. ಆ ಕಂಪನಿಗೆ ಅದರದೇ ಒಂದು ಆ್ಯಪ್ ಇತ್ತು. ಅದರೊಳಗೆ ಏನು ನೋಡಿದರೂ ಗಿರಾಕಿಗಳ ಡೇಟಾ ಖರ್ಚಾಗುವುದಿಲ್ಲ. ಹೊರಗಿನದು ಏನು ನೋಡಿದರೂ ಖರ್ಚಾಗುತ್ತದೆ. ಕಂಪನಿಯವನು, ಮೆದುಮಾತಿನ ಮನುಷ್ಯ, ಮನೆಗೇ ಬಂದ. ಅತ್ತಿಗೆಯ ಪಾಠ ಆ ಆ್ಯಪಿನಲ್ಲಿ ಬರಲಿ, ಬಡ ಹೆಂಗಸರು ಪುಕ್ಕಟೆಯಾಗಿ ಕಲಿಯಲಿ ಎಂದ.

ಇಲ್ಲಿ ನನ್ನ ಕೆಲಸವನ್ನು ಹೇಳಬೇಕು. ನಾನು ದೂರಸಂಪರ್ಕ ನಿಯಂತ್ರಣ ಕಚೇರಿಯಲ್ಲಿದ್ದೇನೆ. ಯಾವ ಯಾವ ದೇಶದಲ್ಲಿ ಇಂಟರ್ನೆಟ್ ಕಂಪನಿಗಳು ಏನು ಮಾಡಬಹುದು, ಏನು ಮಾಡಬಾರದು ಎಂದು ಓದಿ, ಒಂದರ ಪಕ್ಕ ಒಂದಿಟ್ಟು ಮೇಲಿನವರಿಗೆ ತಿಳಿಸುವುದು ನನ್ನ ಪಾಲಿನ ಕೆಲಸ. ನೆಟ್ ನ್ಯೂಟ್ರಾಲಿಟಿ, ಅಂದರೆ ನೆಟ್ ಕೊಡುವವರು ಎಲ್ಲವನ್ನೂ ಒಂದೇ ಸಮ ನೋಡಬೇಕು, ಎಂಬ ಮಾತನ್ನು ನನ್ನಷ್ಟು ಸಲ ಬರೆದವರು ನಮ್ಮ ಬೀದಿಯಲ್ಲಿ ಇರಲಾರರು. ಕಂಪನಿಯವನು ಮೆಟ್ಟಿಲಿಳಿಯುವ ಮೊದಲೇ ನನಗೆ ಬಾಯಿ ತಡೆಯಲಾಗಲಿಲ್ಲ.

"ಅತ್ತಿಗೆ, ನಮ್ಮ ದೇಶದಲ್ಲಿ ಇದು ನಡೆಯೋ ಹಾಗಿಲ್ಲ. ಇದು ಫ್ರೀ, ಅದಕ್ಕೆ ದುಡ್ಡು ಅಂತ ನೆಟ್ ಕೊಡೋರು ಭೇದ ಮಾಡೋ ಹಾಗೇ ಇಲ್ಲ. ನಿಯಮ ಇದೆ."

"ಅಲ್ಲಿ?"

"ಅಲ್ಲಿ ಅಂಥ ನಿಯಮ ಇಲ್ಲ. ಅಡ್ಡಿ ಮಾಡಬಾರದು ಅಂತಷ್ಟೇ ಇದೆ. ಒಂದನ್ನ ಫ್ರೀ ಕೊಟ್ರೆ ಇನ್ನೊಂದಕ್ಕೆ ಅಡ್ಡಿ ಅಂತ ಅವರು ಲೆಕ್ಕಕ್ಕೆ ತಗೋಳಲ್ಲ."

"ಮತ್ತೆ ನಿಮಗೇನು ಸಂಕಟ? ಪಾಪದವರಿಗೆ ಪುಕ್ಕಟೆ ಸಿಕ್ರೆ ನಿಮ್ಮ ಆಫೀಸಿನ ಗಂಟೇನು ಹೋಗತ್ತೆ, ಆಫೀಸರಮ್ಮ?"

ನಾನು ಆಫೀಸರೂ ಅಲ್ಲ, ಏನೂ ಅಲ್ಲ, ರೇಗಿಸಬೇಕಾದಾಗ ಹಾಗೆ ಕರೆಯುತ್ತಾರೆ. ನನಗೆ ಮೈಯುರಿದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅವರು ಕೇಳಿದ್ದು ಪೆದ್ದು ಪ್ರಶ್ನೆಯಲ್ಲ. ಅದೇ ಪ್ರಶ್ನೆಗೆ ನಮ್ಮ ಕಚೇರಿಯಲ್ಲಿ ದೊಡ್ಡ ದೊಡ್ಡವರು ಚಹಾ ಆರುವ ತನಕ ಜಗಳಾಡುತ್ತಾರೆ. ಡೇಟಾ ಹಾಕಿಸಿಕೊಳ್ಳಲು ಗತಿಯಿಲ್ಲದ ಹೆಂಗಸು ಪುಕ್ಕಟೆ ಬಾಗಿಲೊಂದು ತೆರೆದರೆ ಒಳಗೆ ಹೋಗಬಾರದೇ ಎಂದರೆ ಯಾವ ಬಾಯಲ್ಲಿ ಬೇಡ ಎನ್ನುವುದು?

ಅತ್ತಿಗೆ ಒಪ್ಪಿದರು. ಕಂಪನಿಯವರು ಬಂದು ಕೋಣೆಗೆ ಬಣ್ಣ ಬಳಿಸಿ, ಮುಖಕ್ಕೆ ಬೀಳುವ ದೀಪ ಇಟ್ಟು, ದೊಡ್ಡ ಪರದೆ ತಂದರು. ಆ ಆ್ಯಪಿನಲ್ಲಿ ಚಿತ್ರ ಎಷ್ಟು ಸ್ವಚ್ಛವಾಗಿ ಬರುತ್ತಿತ್ತೆಂದರೆ, ಗಡಿಯಾಚೆಯ ಅಡುಗೆಮನೆಯಲ್ಲಿ ಹಾರುವ ನೊಣವೂ ಕಾಣುತ್ತಿತ್ತು. ಕರವಸ್ತ್ರ ಚೆನ್ನಾಗಿ ಕಾಣುವುದಿಲ್ಲ, ಮುಖ ಪರದೆಯ ಕಡೆ ಇರಬೇಕು ಎಂದು ಅವರು ಹೇಳಿದ್ದಕ್ಕೆ, ಅತ್ತಿಗೆ ಅದನ್ನು ಒಗೆದು ಅಣ್ಣನಿಗೆ ಹಿಂತಿರುಗಿಸಿದರು. ಎಲ್ಲರದೂ ಚೆನ್ನಾಗಿ ಬರುವಾಗ ಇದ್ಯಾಕೆ ಎಂದರು. ಕಲಿಯುವವರು ದಂಡುದಂಡಾಗಿ ಬಂದರು. ಅತ್ತಿಗೆಯ ಮುಖದಲ್ಲಿ ಅಂಥ ಖುಷಿಯನ್ನು ನಾನು ಮುಂಚೆ ಕಂಡಿರಲಿಲ್ಲ. ಮೊಂಡಿಯ ವಾರದ ಜಗಳ ಮಾತ್ರ ನಿಂತುಹೋಯಿತು. "ಏನೋ ಮುಖ ಊದಿಸ್ಕೊಂಡಿದಾಳೆ, ತಾನಾಗೇ ಇಳಿಯತ್ತೆ" ಎಂದು ಅತ್ತಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಟ್ಟದ್ದು ಒಂದು ರಜೆಯ ದಿನ ಬೆಳಿಗ್ಗೆ. ನಾನು ಅದೇ ಕೋಣೆಯ ಮೂಲೆಯಲ್ಲಿ ಪೇಪರ್ ಓದುತ್ತಿದ್ದೆ. ಪರದೆಯ ಮೇಲೆ ಗಡಿಯಾಚೆಯ ಹೆಂಗಸೊಬ್ಬಳು ಬಾಬಿನ್ ಕೇಸ್ ಹಿಡಿದು ತೋರಿಸುತ್ತಿದ್ದಳು. ಅತ್ತಿಗೆ ಹೇಳುತ್ತಿದ್ದ ಮಾತು ಬಿಟ್ಟು ಪರದೆಯ ಹತ್ತಿರಕ್ಕೆ ಬಾಗಿದರು. ಸ್ಕ್ರೂ ಮೇಲೆ ಹಸಿರು ಚುಕ್ಕೆ ಇತ್ತು, ಇಟ್ಟಾಗಿನಂತೆಯೇ, ಒಡೆಯದೆ.

"ಆ ಚುಕ್ಕೆ ಯಾರು ಹೇಳಿ ಇಡ್ಸಿದ್ದಮ್ಮ?"

"ಇಲ್ಲೇ ನಮ್ಮ ದೇಶದ ಮೇಡಂ ಒಬ್ರಿದ್ರು. ಹೋದ್ಸಲ ಕೆಟ್ಟಾಗ ಅವರೇ ಹೇಳ್ಕೊಟ್ಟಿದ್ದು. ತುಂಬ ಚೆನ್ನಾಗಿ ಹೇಳ್ತಿದ್ರು."

"ಮತ್ತೆ ಈ ಸಲಾನೂ ಅವರನ್ನೇ ಕೇಳಬೇಕಿತ್ತಲ್ಲ?"

"ಅವರದ್ದು ನೋಡಿದ್ರೆ ಡೇಟಾ ಖಾಲಿಯಾಗತ್ತೆ ಟೀಚರ್. ನಿಮ್ಮದು ಫ್ರೀ ಅಲ್ವಾ?"

ಅತ್ತಿಗೆ ಅವಳ ಮೆಷಿನ್ ಸರಿ ಮಾಡಿಸಿ ಕಳಿಸಿದರು. ಮುಂದಿನವಳಿಗೆ, ಅವಳು ತನ್ನ ತೊಂದರೆ ಹೇಳುವ ಮೊದಲೇ, ಬಾಬಿನ್ ಕೇಸ್ ತೋರಿಸು ಎಂದರು. ಹಸಿರು. ಅದರ ಮುಂದಿನವಳದೂ ಹಸಿರು. ಆಮೇಲೊಬ್ಬಳದು ಚುಕ್ಕೆಯೇ ಇರಲಿಲ್ಲ, ಅದನ್ನು ಕಂಡು ಅತ್ತಿಗೆ ಉಸಿರು ಬಿಟ್ಟದ್ದು ನನಗೆ ಮೂಲೆಯಲ್ಲಿ ಕೇಳಿಸಿತು. ಆದರೆ ಆಕೆಯೇ ಆ ಮೇಡಂ ಊರಿನ ಪಕ್ಕದವಳು. ಮೇಡಂ ಈಗ ಹೇಳಿಕೊಡುವುದನ್ನು ಬಿಟ್ಟಿದ್ದಾರೆ, ಯಾರೂ ಕೇಳುವವರಿಲ್ಲದೆ ಕೋಣೆ ಖಾಲಿ ಮಾಡಿದ್ದಾರೆ, ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಕೆಲಸಕ್ಕೆ ಹೋಗುತ್ತಾರೆ ಎಂದಳು.

ಅತ್ತಿಗೆ ದೀಪ ಆರಿಸಿ ಮೊಂಡಿಗೆ ಕರೆ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ಊಟಕ್ಕೆ ಕರೆದರೆ ಬರಲಿಲ್ಲ. ಅಣ್ಣ ತಟ್ಟೆ ತಂದು ಮೇಜಿನ ಮೇಲಿಟ್ಟ, ಹಿಂದೆ ಅವರು ಮೊಂಡಿಯ ಮುಂದೆ ಇಡುತ್ತಿದ್ದ ಹಾಗೆಯೇ. ಮುಟ್ಟಲಿಲ್ಲ.

ಸಂಜೆ ನನ್ನನ್ನು ಕರೆದು ಎದುರು ಕೂರಿಸಿಕೊಂಡರು. ಕೈಯಲ್ಲಿ ಬ್ರಷ್ಷು, ಮುಂದೆ ಒಂದು ಬಾಬಿನ್ ಕೇಸು. ಕೈ ಸುಮ್ಮನಿದ್ದರೆ ಅವರಿಗೆ ಕಿವಿ ಕೇಳಿಸುವುದಿಲ್ಲ.

"ನಿನ್ನ ದೇಶಗಳ ಕಥೆ ಹೇಳು. ಪೂರ್ತಿ ಹೇಳು, ರೇಗ್ಸಲ್ಲ."

ಹೇಳಿದೆ. ನಮ್ಮಂತೆ ಕಟ್ಟುನಿಟ್ಟಾಗಿ ನಿಷೇಧಿಸಿದ ದೇಶಗಳಿವೆ. ಅಲ್ಲಿ ಚಿಕ್ಕವನೂ ದೊಡ್ಡವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಆದರೆ ಬಡವರಿಗೆ ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಗಡಿಯಾಚೆಯಂತೆ ಬಿಟ್ಟುಕೊಟ್ಟ ದೇಶಗಳಿವೆ. ಪುಕ್ಕಟೆ ಸಿಗುತ್ತದೆ, ಆದರೆ ಯಾವುದು ಪುಕ್ಕಟೆ ಎಂದು ಆರಿಸುವವರು ಕಂಪನಿಯವರು. ಇನ್ನು ಕೆಲವು ದೇಶಗಳಲ್ಲಿ ದೂರು ಬಂದಾಗ ಒಂದೊಂದನ್ನೇ ವಿಚಾರಿಸಿ ತೀರ್ಮಾನಿಸುತ್ತಾರೆ. ಸರ್ಕಾರ ಬದಲಾದಾಗೆಲ್ಲ ನಿಯಮ ತಿರುವುಮುರುವಾಗುವ ದೇಶವೂ ಇದೆ, ಏನೂ ನಿಯಮವಿಲ್ಲದ ದೇಶಗಳೂ ಇವೆ. ಅತ್ತಿಗೆಗೆ ಅರ್ಥವಾಗಲೆಂದು ನಮ್ಮ ಕಚೇರಿ ಕಟ್ಟಡದ ಲಿಫ್ಟಿನ ಮಾತು ತೆಗೆದೆ. ಮಹಡಿಗೊಂದು ಅಂಗಡಿ ಇದೆ, ಲಿಫ್ಟಿನವನು ಒಂದೇ ಅಂಗಡಿಯ ಮಹಡಿಗೆ ಪುಕ್ಕಟೆ ಬಿಡುತ್ತಾನೆ, ಮಿಕ್ಕ ಮಹಡಿಗೆಲ್ಲ ಕಾಸು ಕೇಳುತ್ತಾನೆ ಅಂದುಕೊಳ್ಳಿ ಎಂದೆ.

"ಬೇರೆ ಅಂಗಡಿಗೆ ಬೀಗ ಹಾಕಿಲ್ಲ" ಎಂದರು ಅತ್ತಿಗೆ.

"ಹಾಕಿಲ್ಲ."

"ಹೋಗೋರು ಹೋಗಬಹುದು."

"ಹೋಗಬಹುದು."

"ಆ ಒಂದು ಅಂಗಡಿ ನಂದು."

ನಾನು ಹೇಳಬಹುದಾಗಿದ್ದ ಎಲ್ಲವನ್ನೂ ಅವರೇ ಹೇಳಿಕೊಂಡಿದ್ದರು.

"ದೂರು ಬಂದ್ರೆ ವಿಚಾರಿಸ್ತಾರಲ್ಲ, ಅಂಥ ದೇಶದಲ್ಲಾದ್ರೆ ಇವಳಿಗೆ ನ್ಯಾಯ ಸಿಗ್ತಿತ್ತಾ?"

"ಸಿಗಬಹುದಿತ್ತು. ಅಷ್ಟೊತ್ತಿಗೆ ಅವಳು ಎಷ್ಟು ಪೆಟ್ಟಿಗೆಗೆ ಟೇಪ್ ಅಂಟಿಸಿರ್ತಿದ್ಳೋ ಗೊತ್ತಿಲ್ಲ."

"ಅಂದ್ರೆ ಯಾವ ದೇಶದಲ್ಲೂ ಪೂರ್ತಿ ಸರಿ ಇಲ್ಲ."

"ಇಲ್ಲ. ಆದ್ರೂ ನನ್ನ ಕೇಳಿದ್ರೆ ನಮ್ಮದೇ ಮೇಲು. ಇಲ್ಲಿ ತನಗೇ ಗೊತ್ತಿಲ್ಲದ ಹಾಗೆ ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆಯೋಕಾಗಲ್ಲ."

ಅತ್ತಿಗೆ ಬ್ರಷ್ ಕೆಳಗಿಟ್ಟರು. "ನಾನು ಹಾಗೇ ಹೊಡ್ದಿದೀನಿ" ಎಂದರು. ಅಳಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆಂದು ಹೊರಟವರಿಗೆ, ಅದೇ ಒಳ್ಳೆಯದು ತಾವೇ ಸಾಕಿದವಳ ತಟ್ಟೆ ಎಳೆದುಕೊಂಡಿತೆಂದು ತಿಳಿಯುವುದು ಸಣ್ಣ ನೋವಲ್ಲ. ಎಷ್ಟೋ ಜನ ಇಂಥ ಹೊತ್ತಿನಲ್ಲಿ ನೆವ ಹುಡುಕುತ್ತಾರೆ. ನಿಯಮವೇ ಇಲ್ಲವಲ್ಲ, ನಾನೇನು ಮಾಡಲಿ ಎನ್ನುತ್ತಾರೆ. ಅತ್ತಿಗೆ ಮರುದಿನ ಬೆಳಿಗ್ಗೆ ಕಂಪನಿಯವನಿಗೆ ಫೋನ್ ಮಾಡಿದರು.

ಮೊದಲು ಕೇಳಿದ್ದು, ಮೊಂಡಿಯನ್ನೂ ಆ ಆ್ಯಪಿಗೆ ಸೇರಿಸಿಕೊಳ್ಳಿ ಎಂದು. ಒಂದು ವಿಷಯಕ್ಕೆ ಒಬ್ಬರೇ ಎಂದ ಅವನು. ಹಾಗಾದರೆ ನನ್ನನ್ನು ತೆಗೆದು ಅವಳನ್ನು ಹಾಕಿ ಎಂದರು. ಆ ಹಸಿರು ಚುಕ್ಕೆಯ ಮೇಡಂ ಅಷ್ಟು ಪ್ರಸಿದ್ಧರಲ್ಲ ಎಂದ. ಅತ್ತಿಗೆ ಮೇಜಿನ ಮೇಲಿದ್ದ ಕೆಂಪು ಸೀಸೆಯ ಮುಚ್ಚಳ ಬಿಗಿ ಮಾಡಿದರು. ಆಮೇಲೆ, "ಒಳ್ಳೇದೇ ಆಯ್ತು ಬಿಡಿ. ಅವಳು ಬಂದಿದ್ರೂ ಇನ್ಯಾರದೋ ತಟ್ಟೆಗೆ ಕೈ ಹಾಕ್ದಂಗೇ ಆಗ್ತಿತ್ತು. ನನ್ನನ್ನ ತೆಗೆದುಬಿಡಿ" ಎಂದರು.

"ಮೇಡಂ, ಬಡವರಿಗೆ ಫ್ರೀ ಕೊಡೋದು ತಪ್ಪಾ?" ಎಂದು ಅವನು ಕೇಳಿದ್ದು ಫೋನಿನ ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಅವನು ಕೆಟ್ಟವನಾಗಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದ.

"ತಪ್ಪು ಅಂತ ನಾನೆಲ್ಲಿ ಹೇಳ್ದೆ? ನಿಮ್ಮ ದೇಶ ಬೇಡ ಅನ್ನಲ್ಲ. ನಾನು ಬೇಡ ಅಂತೀನಿ."

ಒಪ್ಪಂದದ ಪ್ರಕಾರ ತಕ್ಷಣ ಬಿಡುವಂತಿರಲಿಲ್ಲ, ಮುಂಚಿತವಾಗಿ ತಿಳಿಸಿದ ಮೇಲೂ ಕೆಲವು ವಾರ ಪಾಠ ಮಾಡಬೇಕಿತ್ತು. ನಾನು ಅತ್ತಿಗೆಯನ್ನು ಮೆಚ್ಚಿದ್ದು ಬಿಟ್ಟದ್ದಕ್ಕಲ್ಲ, ಆ ವಾರಗಳನ್ನು ಬಳಸಿದ ಬಗೆಗೆ. ಸುಮ್ಮನೆ ಕೈ ತೊಳೆದುಕೊಂಡು ಎದ್ದಿದ್ದರೆ ಮೊಂಡಿಯ ಮುಂದೆ ಮುಖ ಉಳಿಯುತ್ತಿತ್ತು, ಆದರೆ ಡೇಟಾ ಇಲ್ಲದ ಆ ಹೆಂಗಸರು ನಡುಬೀದಿಯಲ್ಲಿ ನಿಲ್ಲುತ್ತಿದ್ದರು. ಅವರಿಗೆ ಅಗ್ಗವಾಗಿ ಸಿಗುವುದು ಎಂದರೆ ಸಣ್ಣ ಧ್ವನಿ ಸಂದೇಶ, ಮಾಮೂಲಿ ಫೋನ್ ಕರೆ. "ನಿಯಮ ಬದಲಾಯಿಸೋದು ನಿನ್ನಂಥೋರ ಕೆಲಸ" ಎಂದರು ನನಗೆ. "ಪಾಠ ಹಗುರ ಮಾಡೋದು ನನ್ನ ಕೆಲಸ. ಇಬ್ಬರೂ ಮಾಡೋಣ."

ಅಣ್ಣನ ಕರವಸ್ತ್ರ ಮತ್ತೆ ಪರದೆಯೇರಿತು. ಕಂಪನಿಯ ಅಷ್ಟು ದೊಡ್ಡ ಪರದೆ, ಅಷ್ಟು ಸ್ವಚ್ಛ ಚಿತ್ರ, ಅದರ ಮೇಲೆ ಮೂಲೆ ಹರಿದ ಈ ಬಟ್ಟೆ. ಪುಕ್ಕಟೆ ಬಾಗಿಲು ತೆರೆದಿರುವಷ್ಟು ದಿನವೂ ಅವರು ಒಂದೇ ಪಾಠ ಹೇಳಿದರು: ಚಿತ್ರವಿಲ್ಲದೆ ರಿಪೇರಿ ಕೇಳುವುದು ಹೇಗೆ, ಹೇಳುವುದು ಹೇಗೆ. ಸೂಜಿ ತೀರ ಕೆಳಗಿಳಿದು ಮೇಲಕ್ಕೆ ಹೊರಟಾಗ ಚಕ್ರ ನಿಲ್ಲಿಸು. ಕೆಳಗೆ ದಾರ ಹಿಡಿಯುವ ಹುಕ್ಕಿನ ಮೊನೆ ಸೂಜಿಯ ಕಣ್ಣಿನ ಸ್ವಲ್ಪ ಮೇಲೆ ಬಂದಿದೆಯಾ, ಬೆರಳಿನ ಉಗುರಿನಿಂದ ಮುಟ್ಟಿ ನೋಡು, ಏನು ಸಿಕ್ಕಿತೋ ಬಾಯಲ್ಲಿ ಹೇಳು. ಎಂಥ ಸದ್ದು ಬಂದರೆ ಏನು ತೊಂದರೆ, ಅದನ್ನು ಬಾಯಲ್ಲಿ ಅನುಕರಿಸಿ ತೋರಿಸುತ್ತಿದ್ದರು. ಟಕ್ ಟಕ್ ಬೇರೆ, ಕರ್ ಕರ್ ಬೇರೆ. ಅಣ್ಣ ಬಾಗಿಲಲ್ಲಿ ನಿಂತು ನಗುತ್ತಿದ್ದ. ಪ್ರತಿ ಪಾಠದ ಕೊನೆಗೆ, "ನಿಮ್ಮ ಮೆಷಿನಿನಲ್ಲಿ ಹಸಿರು ಚುಕ್ಕೆ ಇದ್ದೋರು ಆ ಚುಕ್ಕೆ ಇಡಿಸ್ದೋಳಿಗೇ ಫೋನ್ ಮಾಡಿ, ನಿಮ್ಮ ಮೆಷಿನ್ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು" ಎಂದು ಮೊಂಡಿಯ ನಂಬರ್ ಹೇಳುವರು. ಕಂಪನಿಯವರಿಗೆ ಇದು ಹಿಡಿಸಲಿಲ್ಲ, ಆದರೆ ಒಪ್ಪಂದದಲ್ಲಿ ಹೇಳಬಾರದೆಂದೂ ಇರಲಿಲ್ಲ. ಅದನ್ನು ಓದಿ ಖಚಿತ ಮಾಡಿ ಕೊಟ್ಟವಳು ನಾನು, ಆ ಕೆಲಸ ನನಗೆ ಸಿಕ್ಕಾಪಟ್ಟೆ ಖುಷಿ ಕೊಟ್ಟಿತು.

ಅದೇ ಪಾಠಗಳನ್ನು ತುಂಡು ತುಂಡು ಧ್ವನಿ ಸಂದೇಶ ಮಾಡಿ ಮೊಂಡಿಗೂ ಕಳಿಸಿದರು. ಕ್ಷಮೆ ಕೇಳುವ ಸಂದೇಶವನ್ನು ಎಲ್ಲಕ್ಕಿಂತ ಮೊದಲು ಕಳಿಸಿದ್ದರು. ಅದರಲ್ಲಿ ಸುತ್ತುಬಳಸು ಇರಲಿಲ್ಲ. "ನನ್ನಿಂದ ನಿನ್ನ ಕೆಲಸ ಹೋಯ್ತು. ನಂಗೆ ಗೊತ್ತಾಗ್ಲಿಲ್ಲ. ಗೊತ್ತಾದ್ಮೇಲೆ ಬಿಟ್ಟಿದೀನಿ. ವಾಪಸ್ ಶುರು ಮಾಡು. ಇದನ್ನ ಕೇಳಿಸ್ಕೊಂಡು ಹೇಳ್ಕೊಟ್ರೆ ಯಾರ ಡೇಟಾನೂ ಖಾಲಿಯಾಗಲ್ಲ." ಅವಳು ಕೇಳಿಸಿಕೊಂಡಳೆಂಬ ಗುರುತು ಪ್ರತಿ ಸಂದೇಶದ ಕೆಳಗೂ ಬರುತ್ತಿತ್ತು. ಉತ್ತರ ಬರುತ್ತಿರಲಿಲ್ಲ.

ಆ್ಯಪಿನ ಬಾಗಿಲು ಮುಚ್ಚಿತು. ಕಂಪನಿಯವರು ದೀಪ, ಪರದೆ ಎಲ್ಲ ಹೊತ್ತುಕೊಂಡು ಹೋದರು. ಹಳೆಯ ಕಂಪ್ಯೂಟರು ಮೇಜಿಗೆ ಮರಳಿತು, ಕರವಸ್ತ್ರಕ್ಕೆ ಅಳತೆಗೆ ಸರಿಯಾದ ಜಾಗ ಸಿಕ್ಕಿತು. ಕರೆಗಳು ಕಡಿಮೆಯಾದವು, ನಿಲ್ಲಲಿಲ್ಲ. ಗಡಿಯಾಚೆಯಿಂದಲೂ ಒಬ್ಬಿಬ್ಬರು ಮಾಡುತ್ತಿದ್ದರು. ಅವರನ್ನು ಅತ್ತಿಗೆ ಮೊದಲು ಕೇಳುತ್ತಿದ್ದದ್ದು ಚುಕ್ಕೆಯ ಬಣ್ಣ. ಕೆಂಪು ಎಂದರೆ ಕೆಲಸ ಶುರು ಮಾಡುವರು. ಹಸಿರು ಎಂದರೆ, ಒಡೆದಿದೆಯಾ, ಹಳೆಯದಾ, ಬಣ್ಣ ಮಾಸಿದೆಯಾ ಎಂದೆಲ್ಲ ಕೇಳುವರು. ಎಲ್ಲ ಮಾಸಿದ ಚುಕ್ಕೆಗಳೇ. ಮೊಂಡಿಯ ವಿಷಯ ವಿಚಾರಿಸಿದರೆ, ಇನ್ನೂ ಗೋದಾಮಿಗೆ ಹೋಗುತ್ತಾಳೆ ಎಂದೇ ಹೇಳುವರು. ಅತ್ತಿಗೆ ಬಡಕಲಾದರು. ಅಣ್ಣ ನನ್ನ ಬಳಿ, "ನಿನ್ನ ಆಫೀಸಿಂದ ಆ ದೇಶದೋರಿಗೆ ಒಂದು ಮಾತು ಹೇಳೋಕಾಗಲ್ವಾ?" ಎಂದು ಕೇಳಿದ. ಒಂದು ದೇಶದ ಕಚೇರಿ ಇನ್ನೊಂದು ದೇಶಕ್ಕೆ ಬುದ್ಧಿ ಹೇಳುವಂತಿಲ್ಲ ಎಂದು ವಿವರಿಸಿದೆ. ಅವನಿಗೆ ಅರ್ಥವಾಯಿತು. ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ.

ಮೊನ್ನೆ ಬೆಳಿಗ್ಗೆ ನಾನು ಚಹಾ ತೆಗೆದುಕೊಂಡು ಆ ಕೋಣೆಗೆ ಹೋದೆ. ಅತ್ತಿಗೆ ಕರವಸ್ತ್ರದ ಮುಂದೆ ಕೂತು ವಿಡಿಯೋ ಕರೆಯಲ್ಲಿದ್ದರು. ಆ ಕಡೆ ಹೆಂಗಸಿನ ದನಿ, ಗಡಿಯಾಚೆಯ ನಂಬರ್.

"ಬಾಬಿನ್ ಕೇಸ್ ತೆಗೀರಿ. ಸ್ಕ್ರೂ ಮೇಲೆ ಚುಕ್ಕೆ ಇದೆಯಾ?"

"ಇದೆ ಟೀಚರ್. ಹಸಿರು."

"ಒಡ್ದಿದೆಯಾ? ಬೆರಳಲ್ಲಿ ಮುಟ್ಟಿ ನೋಡಿ."

ಬಾಬಿನ್ ಕೇಸ್ ಕೈಗೆತ್ತಿಕೊಂಡ ಸದ್ದು. ಆಮೇಲೆ, "ಅಯ್ಯೋ, ಬೆರಳಿಗೆ ಮೆತ್ಕೊಳ್ತು. ಇನ್ನೂ ಒಣಗಿಲ್ಲ."

ಅತ್ತಿಗೆ ನನ್ನ ಕೈಯಿಂದ ಚಹಾ ತೆಗೆದುಕೊಳ್ಳಲು ಚಾಚಿದ ಕೈ ಅಲ್ಲೇ ನಿಂತಿತು.

"ನಿಮ್ಮ ಮೆಷಿನಿಗೆ ಏನಾಗಿದೆ?" ಎಂದು ಕೇಳಿದರು. ಆ ಗಟ್ಟಿ ದನಿ ಅಂದು ಅಷ್ಟು ಮೆತ್ತಗಾಗಿತ್ತು.

"ಏನೂ ಆಗಿಲ್ಲ ಟೀಚರ್. ಈಗ ತಾನೇ ಸರಿ ಹೋಯ್ತು. ನಮ್ಮ ಮೇಡಂ ವಿಡಿಯೋ ಇಲ್ದೇನೇ ಹೇಳ್ಕೊಟ್ರು. ಮುಗಿದ್ಮೇಲೆ ನಿಮ್ಮ ನಂಬರ್ ಕೊಟ್ಟು, ಇವರಿಗೆ ಫೋನ್ ಮಾಡಿ, ಅವರು ಚುಕ್ಕೆ ಬಣ್ಣ ಕೇಳ್ತಾರೆ, ಹೇಳಿ ಇಟ್ಬಿಡಿ ಅಂದ್ರು."

"ಇನ್ನೇನಾದ್ರೂ ಹೇಳಿದ್ಳಾ?"

"ನೀವು ಹೇಳೋ ಅಷ್ಟು ಸ್ಕ್ರೂ ತಿರುಗಿಸಬೇಕಾಗಿಲ್ವಂತೆ. ಅದರ ಅರ್ಧ ಸಾಕಂತೆ."

ಅತ್ತಿಗೆ ಕೈ ಮೇಲೆತ್ತಿ, ಪಾಠದ ಹೊತ್ತಿನಲ್ಲಿ ಎಂದೂ ಮಾಡದ ಕೆಲಸ ಮಾಡಿದರು. ಕರವಸ್ತ್ರ ಸರಿಸಿದರು. ಆ ಹೆಂಗಸಿನ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತ್ತು. ಮುಖವೂ ಇಲ್ಲ, ಮೆಷಿನೂ ಇಲ್ಲ. ನಡುವೆ ಹೆಬ್ಬೆರಳಿನಂಥದ್ದೊಂದು, ಅದರ ತುದಿಯಲ್ಲಿ ಹಸಿರು.

"ಏನೂ ಸರಿಯಾಗಿ ಕಾಣ್ತಿಲ್ಲ ಅತ್ತಿಗೆ" ಎಂದೆ.

"ಸಾಕು ಬಿಡೇ, ಇಷ್ಟು ಕಂಡ್ರೆ ಸಾಕು" ಎಂದು ಅವರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು, ಅದನ್ನು ಮತ್ತೆ ಪರದೆಗೆ ಹಾಕಿದರು.